ಟ್ರ್ಯಾಕ್ಟರಿನ ಜಾಗದಲ್ಲಿ ನಿಂತ ಕಾರು

ನನ್ನ ಮೊಮ್ಮಗನ ಕಾರು ನನಗೆ ಮೊದಲ ದಿನದಿಂದಲೂ ಸೇರಲಿಲ್ಲ. ಅವನ ಎದುರಿಗೇ ಹೇಳಿದ್ದೇನೆ, ಈಗ ಬರೆಯುವುದಕ್ಕೂ ಅಂಜಿಕೆಯಿಲ್ಲ. ಹಳೆಯ ಸಣ್ಣ ಕಾರು. ಹಿಂದಿನ ಸೀಟು ಕಿತ್ತು ಎಸೆದಿದ್ದಾನೆ, ಸೈಲೆನ್ಸರ್ ಬದಲಿಸಿದ್ದಾನೆ. ಚಾಲೂ ಮಾಡಿದರೆ ಅಡುಗೆಮನೆಯ ಡಬ್ಬಿಗಳು ನಡುಗುತ್ತವೆ. ಅದರಲ್ಲಿ ನಾಲ್ಕು ಜನ ಕೂತು ನಮ್ಮೂರು ಅಕ್ಕೋಳದಿಂದ ನಿಪ್ಪಾಣಿಗೆ ಹೋಗಲು ಬರುವುದಿಲ್ಲ, ಒಂದು ಚೀಲ ಗೊಬ್ಬರ ತರಲು ಬರುವುದಿಲ್ಲ. ಅದು ಮಾಡುವ ಕೆಲಸ ಒಂದೇ. ನೆಟ್ಟಗಿನ ದಾರಿಯಲ್ಲಿ ಇನ್ನೊಂದು ಕಾರಿನ ಪಕ್ಕ ನಿಂತು, ಅದಕ್ಕಿಂತ ಮುಂಚೆ ಆ ತುದಿ ಮುಟ್ಟುವುದು. ಮುಟ್ಟಿ ಏನು ಮಾಡುತ್ತಾರೆ ಅಂತ ಕೇಳಿದರೆ, ತಿರುಗಿ ಬರುತ್ತಾರೆ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಎಂಜಿನ್ನಿನ ವಿಷಯ ನನಗೆ ತಿಳಿಯುವುದಿಲ್ಲ, ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಆದರೆ ಆ ಕಾರಿನ ಸಲುವಾಗಿ ಒಬ್ಬ ಮನುಷ್ಯನ ಅನ್ನ ಹೋಗುವುದರಲ್ಲಿತ್ತು. ಅದಕ್ಕೇ ಒಂದು ಇಡೀ ಮಧ್ಯಾಹ್ನ ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು, ಅದರ ಹೊಟ್ಟೆ ಬಗೆಯುವುದನ್ನು ನೋಡುತ್ತ ಕೂಡಬೇಕಾಯಿತು.

ಆ ಶೆಡ್ಡು ಕಾರಿನದಲ್ಲ, ಟ್ರ್ಯಾಕ್ಟರಿನದು. ಕಾರು ಒಳಗೆ ಬಂದ ದಿನ ಟ್ರ್ಯಾಕ್ಟರ್ ಹೊರಗೆ ಬಿತ್ತು. ಮಳೆಗೆ ಸೀಟು ಹರಿಯಿತು, ಬ್ಯಾಟರಿ ಸತ್ತಿತು, ಬೆಳಿಗ್ಗೆ ಚಾಲೂ ಆಗಲು ತಕರಾರು ಮಾಡತೊಡಗಿತು. ಟ್ರ್ಯಾಕ್ಟರ್ ತಡವಾದಾಗಲೆಲ್ಲ ನನ್ನ ಮಗ ಬೈಯುತ್ತಿದ್ದದ್ದು ಡ್ರೈವರನನ್ನು, ಕಾರು ತಂದವನನ್ನಲ್ಲ.

ಈ ಡ್ರೈವರ್ ನನ್ನ ಗಂಡ ಬದುಕಿದ್ದಾಗಿನಿಂದ ನಮ್ಮಲ್ಲಿ ಇದ್ದಾನೆ. ಹಾಗಂತ ಅವನ ಮೇಲೆ ನನಗೆ ಪ್ರೀತಿ ಅಂತ ಯಾರೂ ತಿಳಿಯಬಾರದು. ಬಾಯಿ ತುಂಬ ತಂಬಾಕು. ನಾನು ಸುಣ್ಣ ಹಚ್ಚಿಸಿದ ಗೋಡೆಗೆ ಉಗುಳುತ್ತಾನೆ. ಬೈದರೆ, ತಂಬಾಕು ನಿಮ್ಮ ಹೊಲದ್ದೇ ಅನ್ನುತ್ತಾನೆ. ಆದರೆ ಕಬ್ಬು ತುಂಬಿದ ಎರಡು ಟ್ರೇಲರ್ ಕಟ್ಟಿಕೊಂಡು ಕೆಸರಿನ ಹೊಲದಿಂದ ದಾರಿಗೆ ಹತ್ತಿಸುವುದು ಅವನಿಗೆ ಬರುತ್ತದೆ. ನನ್ನ ಮಗನಿಗೆ ಬರುವುದಿಲ್ಲ, ಮೊಮ್ಮಗನಿಗಂತೂ ಬರುವುದೇ ಇಲ್ಲ. ಟ್ರ್ಯಾಕ್ಟರ್ ಹೊರಗೆ ಬಿದ್ದದ್ದು ಅವನಿಗೆ ಉರಿಯುತ್ತಿತ್ತು. ಆ ಕಾರು ಒಂದು ದಿನ ಸುಡುತ್ತದೆ, ಆವತ್ತು ನನ್ನ ಗಾಡಿ ಒಳಗೆ ಬರುತ್ತದೆ ಅಂತ ಚಹಾದ ಅಂಗಡಿಯಲ್ಲಿ ಕೂತು ಹೇಳಿದ್ದ. ನಮ್ಮೂರಿನಲ್ಲಿ ಚಹಾದ ಅಂಗಡಿಯಲ್ಲಿ ಆಡಿದ ಮಾತು ಚಹಾ ಆರುವುದರೊಳಗೆ ಮನೆ ಮುಟ್ಟುತ್ತದೆ.

ಇದ್ದ ವೇಗ ಸಾಲದೆ ಮೊಮ್ಮಗ ಕಾರಿಗೆ ಗ್ಯಾಸು ಕೂಡಿಸಿದ. ಅಡುಗೆಯ ಗ್ಯಾಸಲ್ಲ, ನೈಟ್ರಸ್ ಅಂತ. ಹಲ್ಲಿನ ಡಾಕ್ಟರು ನೋವು ತಿಳಿಯದ ಹಾಗೆ ಮೂಗಿಗೆ ಹಿಡಿಯುವ ನಗಿಸುವ ಗ್ಯಾಸು ಇದೇ ಅಂತ ಹೇಳಿದ. ಅದು ಬಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ನಕ್ಕಿದ್ದು ನಾನು ಕಾಣೆ. ಬಾಟಲಿ ಡಿಕ್ಕಿಯಲ್ಲಿ, ಕೆಂಪು ಗುಂಡಿ ಸ್ಟೇರಿಂಗಿನ ಮೇಲೆ. ಗುಂಡಿ ಒತ್ತಿದರೆ ಎಂಜಿನ್ನಿಗೆ ಗ್ಯಾಸು ನುಗ್ಗುತ್ತದೆ. ಅದರ ಜತೆಗೇ ಬೇರೊಂದು ಕೊಳವೆಯಿಂದ ಹೆಚ್ಚಿನ ಪೆಟ್ರೋಲೂ ಹೋಗಬೇಕು. ಎರಡೂ ಕೂಡಿ ಹೋದರೆ ಕಾರು ಹಾರುತ್ತದೆ. ಗ್ಯಾಸು ಹೋಗಿ ಪೆಟ್ರೋಲು ಹೋಗದಿದ್ದರೆ ಎಂಜಿನ್ ಒಳಗೊಳಗೇ ಸುಡುತ್ತದೆ. ಆ ಪೆಟ್ರೋಲಿಗೆ ಬಾನೆಟ್ಟಿನ ಕೆಳಗೆ ಬೇರೆಯೇ ಒಂದು ಸಣ್ಣ ಟಾಕಿ. ಅದಕ್ಕೆ ಸಾದಾ ಪೆಟ್ರೋಲು ನಡೆಯುವುದಿಲ್ಲವಂತೆ. ಕೊಗನೊಳ್ಳಿ ದಾಟಿ ಕೊಲ್ಹಾಪುರಕ್ಕೆ ಹೋಗಿ ಭಾರಿ ಬೆಲೆಯ ಪೆಟ್ರೋಲನ್ನು ಡಬ್ಬಿಯಲ್ಲಿ ತಂದು ಶೆಡ್ಡಿನ ಮೂಲೆಯಲ್ಲಿ ಇಟ್ಟುಕೊಂಡಿದ್ದ. ಇಷ್ಟು ತಿಳಿದರೆ ಸಾಕು. ನನಗೂ ಇಷ್ಟೇ ತಿಳಿದದ್ದು.

ಇನ್ನು ನನ್ನ ಮಗ. ಅವನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಾವು ಜೈನರು. ನೀರು ಸೋಸದೆ ಬಾಯಿಗೆ ಹಾಕುವುದಿಲ್ಲ. ದಪ್ಪ ಅರಿವೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸುರಿಯುತ್ತೇವೆ. ಅದಕ್ಕೆ ಗಾಳಿಸುವುದು ಅನ್ನುತ್ತೇವೆ. ಅಷ್ಟಕ್ಕೇ ಮುಗಿಯುವುದಿಲ್ಲ. ಅರಿವೆಯ ಮೇಲೆ ಉಳಿದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದು. ಅದಕ್ಕಾಗಿ ಗಾಳಿಸಿದ ನೀರನ್ನೇ ಸ್ವಲ್ಪ ತೆಗೆದುಕೊಂಡು, ಅರಿವೆಯನ್ನು ಮಗುಚಿ ತೊಳೆದು, ಆ ನೀರನ್ನು ತಂದ ಬಾವಿಗೇ ತಿರುಗಿ ಬಿಡಬೇಕು. ಅದು ಜಿವಾಣಿ. ನಾನು ಮದುವೆಯಾಗಿ ಬಂದ ದಿನದಿಂದ ಮಾಡಿಕೊಂಡು ಬಂದಿದ್ದೇನೆ, ಅದರ ಬಗ್ಗೆ ಭಾಷಣ ಮಾಡಿಲ್ಲ.

ನನ್ನ ಮಗ ಭಾಷಣ ಮಾಡುವವನು. ಆ ಮಳೆಗಾಲ ಪಕ್ಕದ ಊರಿನಲ್ಲಿ ಮುನಿಗಳು ಚಾತುರ್ಮಾಸಕ್ಕೆ ನಿಂತಿದ್ದರು. ಇವನು ದಿನಾ ಪ್ರವಚನ ಕೇಳಿ ಬಂದು ಮನೆಯವರಿಗೆಲ್ಲ ತಿರುಗಿ ಹೇಳುತ್ತಿದ್ದ. ನಿಪ್ಪಾಣಿಯಿಂದ ನೀಲಿ ಅಂಚಿನ ಹೊಸ ಧೋತರ ತಂದು, ಕತ್ತರಿಯಲ್ಲಿ ತುಂಡು ತುಂಡು ಮಾಡಿ, ಕಂಡ ಕಂಡ ಬಾಯಿಗೆಲ್ಲ ಕಟ್ಟಿದ. ನಲ್ಲಿಗೆ ಕಟ್ಟಿದ, ಹಂಡೆಗೆ ಕಟ್ಟಿದ, ದನಗಳ ಹೊಂಡಕ್ಕೆ ನೀರು ಬರುವ ಪೈಪಿಗೂ ಕಟ್ಟಿದ. ಹೊಸ ಅರಿವೆ ಮೊದಲು ಒಗೆಯಬೇಕು, ಇಲ್ಲದಿದ್ದರೆ ಎಳೆ ಬಿಡುತ್ತದೆ ಅಂತ ಸೊಸೆ ಹೇಳಿದಳು. ನಿನಗಿಂತ ನನಗೆ ಹೆಚ್ಚು ತಿಳಿಯುತ್ತದೆ ಅಂದ. ಅವನ ಗಾಳಿಸಿದ ನೀರಿನಲ್ಲಿ ಬಂದ ಎಳೆಯನ್ನು ನಾನೇ ನಾಲಿಗೆಯಿಂದ ತೆಗೆದು ಎಸೆದಿದ್ದೇನೆ.

ದೀಪಾವಳಿ ಮುಗಿದಿತ್ತು. ಕಬ್ಬು ಕಡಿಯುವ ಟೋಳಿಯವರು ಬಂದು ಹೊಲದಲ್ಲಿ ಗುಡಿಸಲು ಹಾಕಿದ್ದರು. ಆ ಭಾನುವಾರ ಮಹಾರಾಷ್ಟ್ರದ ಕಡೆ, ವಿಮಾನ ಇಳಿಯದ ಒಂದು ವಿಮಾನದ ಪಟ್ಟಿಯ ಮೇಲೆ ಮೊಮ್ಮಗನ ಸ್ಪರ್ಧೆ. ಬೆಳಿಗ್ಗೆ ನಗುತ್ತ ಹೋದವನು ಸಂಜೆ ಕಾರನ್ನು ಟೆಂಪೋದ ಬೆನ್ನ ಮೇಲೆ ಹೇರಿಕೊಂಡು ಬಂದ. ಅರ್ಧ ದಾರಿಯಲ್ಲಿ ಗುಂಡಿ ಒತ್ತಿದನಂತೆ. ಕಾರು ಹಾರುವ ಬದಲು ಢಬ್ ಅಂದು, ಕೆಮ್ಮಿ, ಹೊಗೆ ಕಾರಿ ನಿಂತುಬಿಟ್ಟಿತಂತೆ. ಪಕ್ಕದ ಕಾರಿನವನು ತುದಿ ಮುಟ್ಟಿ ತಿರುಗಿ ಬರುವಾಗ ಕೈ ಬೀಸಿದನಂತೆ. ಮೊಮ್ಮಗನಿಗೆ ಸುಟ್ಟ ಎಂಜಿನ್ನಿಗಿಂತ ಆ ಕೈಯೇ ಹೆಚ್ಚು ಉರಿದಿತ್ತು.

ಮರುದಿನ ಕೊಲ್ಹಾಪುರದಿಂದ ಟ್ಯೂನರ್ ಬಂದ. ಗ್ಯಾಸು ಕೂಡಿಸಿಕೊಟ್ಟ ಮೆಕ್ಯಾನಿಕ್ ಅವನೇ. ಮೆಕ್ಯಾನಿಕ್ ಅಂದರೆ ಸಿಟ್ಟು ಬರುತ್ತದೆ, ಟ್ಯೂನರ್ ಅನ್ನಬೇಕು. ಕಣ್ಣಿಗೆ ಕಪ್ಪು ಚಾಳೀಸು, ಕಾಲಿಗೆ ಬಿಳಿ ಬೂಟು. ಒಂದು ಪ್ಲಗ್ಗು ಬಿಚ್ಚಿ ನೋಡಿದ. ಸರಿಯಾಗಿ ಉರಿದ ಪ್ಲಗ್ಗು ಕಂದು ಬಣ್ಣ ಇರುತ್ತದಂತೆ, ಇದು ಸುಣ್ಣದ ಹಾಗೆ ಬಿಳಿಯಾಗಿತ್ತು. ಗ್ಯಾಸು ಹೋಗಿದೆ, ಪೆಟ್ರೋಲು ಹೋಗಿಲ್ಲ ಅಂದ. ಯಾಕೆ ಹೋಗಿಲ್ಲ ಅಂತ ನೋಡುವ ಮೊದಲೇ, ನನ್ನ ಕೆಲಸದಲ್ಲಿ ತಪ್ಪಿಲ್ಲ, ಯಾರೋ ಕೈ ಹಾಕಿದ್ದಾರೆ, ಈ ಶೆಡ್ಡಿಗೆ ಯಾರು ಯಾರು ಬರುತ್ತಾರೆ ಅಂತ ಕೇಳಿದ. ಮೊಮ್ಮಗ ಡ್ರೈವರನ ಹೆಸರು ಹೇಳಿದ, ಚಹಾದ ಅಂಗಡಿಯ ಮಾತನ್ನೂ ಹೇಳಿದ. ಮುಂದೆ ಯಾರೂ ಯೋಚನೆ ಮಾಡಲಿಲ್ಲ. ನನ್ನ ಮಗ ನೆಟ್ಟಗೆ ಅದೇ ಚಹಾದ ಅಂಗಡಿಗೆ ಹೋಗಿ, ಕೂತವರೆಲ್ಲರ ಮುಂದೆ ಡ್ರೈವರನ ಕಿಸೆಯಿಂದ ಟ್ರ್ಯಾಕ್ಟರಿನ ಕೀಲಿ ಕಸಿದುಕೊಂಡು, ನಾಳೆಯಿಂದ ಬರಬೇಡ ಅಂದು ಬಂದ.

ನಾನು ಬಸದಿಯಿಂದ ಬರುವಷ್ಟರಲ್ಲಿ ಇದೆಲ್ಲ ಮುಗಿದಿತ್ತು. ಸೊಸೆ ಹೇಳಿದಳು.

ಕೀಲಿ ಹೋದರೆ ಇನ್ನೊಂದು ಸಿಗಬಹುದು. ಆದರೆ ಉಂಡ ಮನೆಯ ಗಾಡಿ ಸುಟ್ಟವನು ಅಂತ ಹೆಸರು ಬಿದ್ದ ಡ್ರೈವರನನ್ನು ಹಂಗಾಮಿನ ಹೊತ್ತಿನಲ್ಲಿ ಈ ಸುತ್ತಿನ ಯಾವ ಹೊಲದವನೂ ತನ್ನ ಟ್ರ್ಯಾಕ್ಟರಿನ ಮೇಲೆ ಕೂರಿಸುವುದಿಲ್ಲ. ಅವನ ವಯಸ್ಸಿಗೆ ಟೋಳಿಯ ಜತೆ ಕಬ್ಬು ಕಡಿಯುವುದೂ ಆಗುವುದಿಲ್ಲ. ಇತ್ತ ನಮ್ಮ ಕಬ್ಬು ಹೊಲದಲ್ಲೇ ಒಣಗುತ್ತದೆ. ಎರಡೂ ನನಗೆ ಬೇಕಿರಲಿಲ್ಲ. ಅವನೇ ಮಾಡಿದ್ದರೆ ನಾನೇ ಚಪ್ಪಲಿ ತೆಗೆದುಕೊಳ್ಳುತ್ತಿದ್ದೆ. ಮಾಡಿದ್ದಾನೋ ಇಲ್ಲವೋ ಅದನ್ನು ಮೊದಲು ನೋಡಬೇಕಿತ್ತು.

ಶೆಡ್ಡಿಗೆ ಹೋದೆ. ಟ್ಯೂನರ್ ಸಾಮಾನು ಕಟ್ಟುತ್ತಿದ್ದ. ಕಾರನ್ನು ಕೊಲ್ಹಾಪುರಕ್ಕೆ ಒಯ್ದು ನಿಧಾನಕ್ಕೆ ಬಿಚ್ಚುತ್ತೇನೆ ಅಂದ.

"ಇಲ್ಲೇ ಬಿಚ್ಚು" ಅಂದೆ.

"ಆಜಿ, ಹೇ ತುಮಾಲಾ ಸಮಜಣಾರ ನಾಹೀ. ನಿಮಗ ತಿಳಿಯಾಂಗಿಲ್ಲ."

"ನನಗ ತಿಳಿಯಾಂಗಿಲ್ಲ, ಖರೆ. ನಿನಗ ತಿಳದೈತಲ್ಲ? ಬಿಚ್ಚದನ ತಿಳಕೊಂಡ ಶಾಣ್ಯಾ ಅದಿ. ಬಿಚ್ಚಿ ತೋರಸು. ಕೊಲ್ಹಾಪುರದಾಗ ಬಿಚ್ಚಿ ಏನ ಸಿಕ್ತು ಅಂತಿ, ಅದನ್ನ ನೋಡಾಕ ನಾ ಅಲ್ಲಿಗಿ ಬರಲಿ?"

ಮೊಮ್ಮಗ ಆಯಿ ಸುಮ್ಮನಿರು ಅಂದ. ನಾನು ಕುರ್ಚಿ ತರಿಸಿದೆ. ಡ್ರೈವರನಿಗೂ ಹೇಳಿ ಕಳಿಸಿದೆ. ಅವನು ಬಂದ, ಆದರೆ ಒಳಗೆ ಬರಲಿಲ್ಲ. ಗೇಟಿನ ಹೊರಗೆ ಕುಕ್ಕರಗಾಲಲ್ಲಿ ಕೂತು, ನಮ್ಮ ಮುಖ ನೋಡದೆ ತಂಬಾಕು ತಿಕ್ಕತೊಡಗಿದ.

ಟ್ಯೂನರ್ ಬಾಟಲಿಯಿಂದ ಶುರು ಮಾಡಿದ. ಅದರ ಬಾಯಿ ಬಿಗಿದು, ಡಿಕ್ಕಿಯಿಂದ ಇಳಿಸಿ, ತಂಬಾಕು ತೂಗುವ ನಮ್ಮ ತಕ್ಕಡಿಗೆ ಇಟ್ಟರು. ತುಂಬಿಸಿದಾಗಿನದಕ್ಕಿಂತ ಹಗುರವಾಗಿತ್ತು, ಖಾಲಿಯಾಗಿರಲಿಲ್ಲ. ಅಂದರೆ ಗ್ಯಾಸು ಹೋಗಿದೆ, ಬಾಟಲಿಗೆ ಯಾರೂ ಕೈ ಹಚ್ಚಿಲ್ಲ. ಒಂದಾಯಿತು ಅಂದೆ. ಟ್ಯೂನರ್ ಮುಖ ಗಂಟು ಹಾಕಿದ.

ಆಮೇಲೆ ವೈರು. ಡ್ರೈವರ್ ವೈರು ಕತ್ತರಿಸಿದ್ದಾನೆ ಅಂತ ಮೊಮ್ಮಗನ ಗಟ್ಟಿ ನಂಬಿಕೆ. ಗ್ಯಾಸಿಗೊಂದು, ಪೆಟ್ರೋಲಿಗೊಂದು ಕರೆಂಟಿನ ನಲ್ಲಿ ಇವೆ. ಗುಂಡಿ ಒತ್ತಿದರೆ ತೆರೆಯುತ್ತವೆ, ಬಿಟ್ಟರೆ ಮುಚ್ಚುತ್ತವೆ. ಎಂಜಿನ್ ಬಂದ್ ಇಟ್ಟು ಬರೀ ಗುಂಡಿ ಒತ್ತಿಸಿದರು. ಟಕ್ ಅಂತ ಒಂದು, ಟಕ್ ಅಂತ ಇನ್ನೊಂದು. ಎರಡೂ ನಲ್ಲಿ ತೆರೆದವು. ವೈರು ಸರಿ ಇತ್ತು. ಮೊಮ್ಮಗ ಮತ್ತೆ ಒತ್ತಿದ, ಮತ್ತೂ ಒತ್ತಿದ, ಒಮ್ಮೆಯಾದರೂ ಸಪ್ಪಳ ಬರದಿರಲಿ ಅನ್ನುವ ಹಾಗೆ.

"ಸಾಕ ಬಿಡಲೇ, ಅದೇನ ಗುಡಿ ಗಂಟಿ ಅಲ್ಲ" ಅಂತ ಗೇಟಿನ ಹೊರಗಿನಿಂದ ಡ್ರೈವರ್ ಅಂದ. ಗೇಟಿನ ಹತ್ತಿರ ಕೂತಷ್ಟು ಹೊತ್ತು ಅವನು ಆಡಿದ್ದು ಅದೊಂದೇ ಮಾತು.

ಮೂರನೆಯದು ಪೆಟ್ರೋಲಿನ ಕೊಳವೆ. ಎಂಜಿನ್ನಿಗೆ ಸೇರುವ ತುದಿ ಬಿಚ್ಚಿ ಒಂದು ಸ್ಟೀಲಿನ ತಂಬಿಗೆಯೊಳಗೆ ಬಿಟ್ಟರು. ಗುಂಡಿ ಒತ್ತಿದರೆ ಪಿಚಕಾರಿಯ ಹಾಗೆ ಚಿಮ್ಮಬೇಕಂತೆ. ನೆಗಡಿಯಾದ ಮಗುವಿನ ಮೂಗಿನ ಹಾಗೆ ತೊಟ್ಟು ತೊಟ್ಟು ಸೋರಿತು. ಇದೇ ರೋಗ ಅಂತ ಈಗ ಎಲ್ಲರಿಗೂ ಗೊತ್ತಾಯಿತು. ಕೊಳವೆಯ ಜಾಡು ಹಿಡಿದು ಹಿಂದಕ್ಕೆ ಹೋದರು. ಸಣ್ಣ ಟಾಕಿಗೂ ಪಂಪಿಗೂ ನಡುವೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಜಾಳಿಗೆ ಇತ್ತು, ಫಿಲ್ಟರ್. ಟ್ಯೂನರ್ ಅದನ್ನು ಬಿಚ್ಚಿ ಅಂಗೈ ಮೇಲೆ ಕೊಡವಿದ. ಒದ್ದೆ ಹತ್ತಿಯ ಒಂದು ಉಂಡೆ ಬಿತ್ತು.

ಅವನ ಮುಖ ಅರಳಿತು. ಕೈಯನ್ನು ಎಲ್ಲರ ಮೂಗಿನ ಮುಂದೆ ತಿರುಗಿಸಿದ. ಡ್ರೈವರುಗಳು ಕೈ ಒರೆಸುವ ಹತ್ತಿ, ಟಾಕಿಯೊಳಗೆ ತುರುಕಿದ್ದಾನೆ, ನಾನು ಹೇಳಿರಲಿಲ್ಲವೇ ಅಂದ. ಮೊಮ್ಮಗ ಗೇಟಿನ ಕಡೆ ಎರಡು ಹೆಜ್ಜೆ ಹಾಕಿಯೇ ಬಿಟ್ಟ. ನನ್ನ ಮಗ, ಇಂಥವನಿಗೆ ಇಷ್ಟು ವರ್ಷ ಅನ್ನ ಹಾಕಿದೆವು, ಪಾಪದ ಭಯವೇ ಇಲ್ಲ ಅಂತ ಶುರು ಮಾಡಿದ.

"ಆ ಕೈ ಇಲ್ಲಿ ತಾ" ಅಂದೆ.

ಡ್ರೈವರನಿಗೆ ಕೈ ಒರೆಸುವ ಚಿಂದಿ ಕೊಡುವವಳು ನಾನು. ನನ್ನ ಹರಿದ ನೈಲಾನ್ ಸೀರೆಗಳೇ ಅವನ ಚಿಂದಿ. ಹತ್ತಿ ಒರೆಸುಬಟ್ಟೆ ಕೊಡಿ ಅಂತ ಕೇಳಿ ಕೇಳಿ ಬೈಸಿಕೊಂಡಿದ್ದಾನೆ. ಉಂಡೆಯನ್ನು ಬೆರಳಲ್ಲಿ ಬಿಡಿಸಿದೆ. ಬಿಳಿ ಎಳೆ, ಬಿಳಿ ಎಳೆ, ನಡುವೆ ಸುತ್ತಿಕೊಂಡ ನೀಲಿ ಎಳೆಗಳು. ಪೆಟ್ರೋಲಿನಲ್ಲಿ ನೆನೆದರೂ ಬಣ್ಣ ಬಿಟ್ಟಿರಲಿಲ್ಲ. ಅದೇ ನೀಲಿ ಅಂಚು ನಮ್ಮ ಹಿತ್ತಲ ನಲ್ಲಿಗೂ ಇತ್ತು, ನಾನು ಕೂತಲ್ಲಿಂದಲೇ ಕಾಣುತ್ತಿತ್ತು.

ಈ ಟಾಕಿಗೆ ಪೆಟ್ರೋಲು ಹಾಕಿದವರು ಯಾರು ಅಂತ ಕೇಳಿದೆ. ಮೊದಲ ಸಲ ಅಪ್ಪ ಹಾಕಿದ, ಹಾಕಿಡು ಅಂತ ಹೇಳಿ ನಾನು ನಿಪ್ಪಾಣಿಗೆ ಹೋಗಿದ್ದೆ; ಸ್ಪರ್ಧೆಯ ದಿನ ಡಬ್ಬಿಯಲ್ಲಿ ತಳಕ್ಕೆ ಉಳಿದದ್ದನ್ನು ನಾನೇ ಸುರುವಿಕೊಂಡು ಹೋದೆ ಅಂತ ಮೊಮ್ಮಗ ಹೇಳಿದ. ನಾನು ಮಗನ ಕಡೆ ತಿರುಗಿದೆ.

"ನೀ ಹಾಕಿದಾಗ ಹೆಂಗ ಹಾಕಿದಿ?"

"ಹೆಂಗಂದ್ರ? ಗಾಳಿಸಿ ಹಾಕೀನಿ, ಅವ್ವ. ಡಬ್ಬಿ ಬಾಯಿ ತೆರದ ಬಿದ್ದಿತ್ತು, ಇರವಿ ಹೊಕ್ಕಿದ್ದವು. ಹಂಗ ಹಾಕಿದ್ರ ಅವೆಲ್ಲ ಎಂಜಿನ್ನಾಗ ಸುಟ್ಟ ಸಾಯತಿದ್ದವು."

ಅವನ ದನಿಯಲ್ಲಿ ಇನ್ನೂ ಅಭಿಮಾನ ಇತ್ತು.

"ಅರಿವೆ?"

"ಹೊಸಾದು. ಎರಡ ಮಡಿಕಿ."

"ಗಾಳಿಸಿದ ಮ್ಯಾಲ ಅರಿವೆ ಏನ ಮಾಡಿದಿ?"

ಈಗ ಅವನು ದನಿ ತಗ್ಗಿಸಿ ಹೇಳಿದ.

"ಗಾಳಿಸಿದ ಪೆಟ್ರೋಲ್ ಒಂಚೂರ ತುಗೊಂಡು ಅರಿವೆ ಮಗಚಿ ತೊಳದು… ಮತ್ತ ಡಬ್ಬ್ಯಾಗ ಬಿಟ್ಟೆ."

"ಜಿವಾಣಿ?"

"ಹೂಂ."

ಪೆಟ್ರೋಲಿನ ಜಿವಾಣಿ. ಪೆಟ್ರೋಲಿನಲ್ಲಿ ಬಿದ್ದ ಇರುವೆ ಗಾಳಿಸುವವರೆಗೆ ಬದುಕಿರುತ್ತದೆಯೇ ಅಂತ ಈ ಮನುಷ್ಯನಿಗೆ ಹೊಳೆಯಲಿಲ್ಲ. ಸತ್ತ ಇರುವೆಗಳನ್ನು, ಧೂಳನ್ನು, ಒಗೆಯದ ಧೋತರ ಬಿಟ್ಟ ಎಳೆಗಳನ್ನು, ಎಲ್ಲವನ್ನೂ ಧರ್ಮವಾಗಿ ಅವುಗಳ ಊರಿಗೆ ತಿರುಗಿ ಕಳಿಸಿದ್ದ. ಅವು ಡಬ್ಬಿಯ ತಳದಲ್ಲಿ ಕೂತಿದ್ದವು. ಅವಸರದಲ್ಲಿದ್ದ ಮೊಮ್ಮಗ ತಳದ ಸಮೇತ ಟಾಕಿಗೆ ಸುರುವಿದ್ದ. ಅಪ್ಪ ಗಾಳಿಸಿದ, ಮಗ ಗಾಳಿಸದೆ ಹಾಕಿದ, ಕೀಲಿ ಹೋದದ್ದು ಡ್ರೈವರನದು.

ಟ್ಯೂನರ್ ಒಮ್ಮೆ ನನ್ನ ಮಗನನ್ನು, ಒಮ್ಮೆ ನಲ್ಲಿಯ ಅರಿವೆಯನ್ನು ನೋಡಿ, ಚಾಳೀಸು ಹಾಕಿಕೊಂಡು, ನಟ್ಟು ಬಿಚ್ಚುವ ತನ್ನ ಪಾನಾಗಳನ್ನು ಎಣಿಸತೊಡಗಿದ. ತಪ್ಪಾಯಿತು ಅನ್ನುವ ಒಂದು ಮಾತು ಅವನ ಬಾಯಿಂದಲೂ ಬರಲಿಲ್ಲ. ಮೊಮ್ಮಗ ಅಪ್ಪನ ಮೇಲೆ ಹರಿಹಾಯ್ದ. ಪೆಟ್ರೋಲು ನೋಡಿ ಹಾಕಬಾರದೇ ಅಂತ ಅಪ್ಪ ಮಗನಿಗೇ ತಿರುಗಿ ಬೈದ. ಬೈದುಕೊಳ್ಳಲಿ ಅಂತ ಬಿಟ್ಟೆ. ಗೇಟಿನ ಕಡೆ ನೋಡಿದರೆ ಡ್ರೈವರ್ ಇರಲಿಲ್ಲ. ಕೇಳಬೇಕಾದ್ದು ಕೇಳಿಸಿಕೊಂಡು ಎದ್ದು ಹೋಗಿದ್ದ.

ಕೀಲಿ ಕೊಟ್ಟು ಬಾ ಅಂತ ಮಗನಿಗೆ ಹೇಳಿದೆ. ನಾಳೆ ಕೆಲಸಕ್ಕೆ ಬಂದಾಗ ಕೊಡುತ್ತೇನೆ ಅಂದ. ಬರಬೇಡ ಅಂದವನು ನೀನೇ, ಅವನು ಯಾಕೆ ಬರುತ್ತಾನೆ ಅಂದೆ. ಹಾಗಾದರೆ ಆಳಿನ ಕೈಯಲ್ಲಿ ಅವನ ಮನೆಗೆ ಕಳಿಸುತ್ತೇನೆ ಅಂದ. ಮಾಲಕ ಆಗಿ ನಾನು ಹೋದರೆ ಜನ ಏನಂದಾರು ಅನ್ನುವುದು ಅವನ ಚಿಂತೆ.

"ಎಲ್ಲಾರ ಮುಂದ ಕಸಗೊಂಡಿ. ಎಲ್ಲಾರ ಮುಂದನ ಕೊಡು. ಯಾಕ ಕೊಡಾಕತ್ತೀನಿ ಅನ್ನೂದೂ ಹೇಳು. ಇರವಿಗೆ ಅಷ್ಟ ಕನಿಕರ ಮಾಡ್ತಿ, ಇಷ್ಟ ಮಾಡಾಕ ಆಗೂದಿಲ್ಲನು ನಿನಗ?"

ಹೋದ. ಹಿಂದೆ ನಾನೂ ಹೋದೆ, ಇಲ್ಲದಿದ್ದರೆ ಅರ್ಧ ದಾರಿಯಿಂದ ತಿರುಗಿ ಬರುವವನು ಅವನು. ಚಹಾದ ಅಂಗಡಿಯಲ್ಲಿ ಹೊತ್ತು ಹೋಗದವರೆಲ್ಲ ಕೂತಿದ್ದರು, ಡ್ರೈವರನೂ ಇದ್ದ. ನನ್ನ ಮಗ ನೆಲ ನೋಡುತ್ತ, ನಮ್ಮ ಕಡೆಯಿಂದಲೇ ಆದದ್ದು, ಇವನದೇನೂ ಇಲ್ಲ ಅಂತ ಹೇಳಿ ಕೀಲಿ ಮುಂದೆ ಮಾಡಿದ. ಏನಾದದ್ದು ಅಂತ ಒಬ್ಬ ಕೇಳಿದ. ಮಗ ನನ್ನ ಕಡೆ ನೋಡಿದ. ನಾನು ಹೇಳಿದೆ, ಗಾಳಿಸಿದ್ದನ್ನೂ ಜಿವಾಣಿಯನ್ನೂ. ನಗೆ ಎದ್ದಿತು. ಬಸದಿಯ ಮುಂದಿನ ಮನೆಯವನೊಬ್ಬ ಚಹಾ ನೆತ್ತಿಗೇರಿ ಕೆಮ್ಮಿದ. ಮಗ ಆಮೇಲೆ ನನ್ನ ಜತೆ ಹಲವು ದಿನ ಮಾತಾಡಲಿಲ್ಲ. ಮನೆಯಲ್ಲಿ ಪ್ರವಚನವೂ ನಿಂತಿದ್ದರಿಂದ ನನಗೆ ಅದು ಭಾರವೆನಿಸಲಿಲ್ಲ.

ಡ್ರೈವರ್ ಮಾತ್ರ ನಗಲಿಲ್ಲ, ಕೀಲಿಯನ್ನೂ ಮುಟ್ಟಲಿಲ್ಲ.

"ಸುಡತೈತಿ ಅಂತ ಬಾಯಿಲೆ ಅಂದಿದ್ದೆ, ಖರೆ. ಕೈಲೆ ಮಾಡಾಂವ ಆಗಿದ್ರ ಇಲ್ಲಿ ಕುಂತ ಅನ್ನತಿದ್ದಿಲ್ಲ. ಅಮ್ಮಾರ, ಕೀಲಿ ನೀವ ಇಟಗೋರಿ. ಮೊದಲ ಆ ಕಾರ ಹೊರಗ ಬರಲಿ, ನನ್ನ ಟ್ರ್ಯಾಕ್ಟರ್ ಒಳಗ ಹೋಗಲಿ. ಅಂದ್ರ ಬರತೀನಿ. ಇಲ್ಲಂದ್ರ ನಿಮ್ಮ ಕಬ್ಬ ನಿಮ್ಮ ಮೊಮ್ಮಗನ ಕಾರಿನಾಗ ಹೇರ್ರಿ."

ಮಗನಿಗೆ ಸಿಟ್ಟು ಬಂತು, ಕೆಲಸದವನು ನಮಗೆ ಷರತ್ತು ಹಾಕುತ್ತಾನೆಯೇ ಅಂತ. ನಾನು ಅವನ ಕೈಯಿಂದ ಕೀಲಿ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆಸಿದೆ. ಎಂಜಿನ್ ಸುಟ್ಟ ಕಾರು ತಾನಾಗಿ ಬರುವಂತಿರಲಿಲ್ಲ. ಮೊಮ್ಮಗ ಒಂದು ಕಡೆ, ಅವನ ಅಪ್ಪ ಇನ್ನೊಂದು ಕಡೆ ಹಿಡಿದು ನೂಕಿದರು. ಅಷ್ಟು ವೇಗದ ಕಾರು ಶೆಡ್ಡಿನಿಂದ ಅಂಗಳಕ್ಕೆ ಬರಲು ಒಂದು ಚಹಾ ಕುಡಿಯುವಷ್ಟು ಹೊತ್ತು ತೆಗೆದುಕೊಂಡಿತು. ಡ್ರೈವರ್ ಗೇಟಿಗೆ ಒರಗಿ ನಿಂತು ನೋಡಿದ. ಕೈ ಹಚ್ಚಲಿಲ್ಲ. ಹಚ್ಚು ಅಂತ ನಾನೂ ಹೇಳಲಿಲ್ಲ. ಕಾರು ಬೇವಿನ ಗಿಡದ ಕೆಳಗೆ ನಿಂತ ಮೇಲೆ ನನ್ನ ಕಡೆ ಕೈ ಚಾಚಿದ. ಸೆರಗು ಬಿಚ್ಚಿ ಕೀಲಿ ಕೊಟ್ಟೆ. ಟ್ರ್ಯಾಕ್ಟರನ್ನು ಹಿಮ್ಮುಖವಾಗಿ, ಒಂದೇ ಸಲಕ್ಕೆ, ಶೆಡ್ಡಿನ ಗೋಡೆಗೆ ತಾಗದ ಹಾಗೆ ಒಳಗೆ ಹಾಕಿದ.

ಕಾರು ಇನ್ನೂ ಗಿಡದ ಕೆಳಗೇ ಇದೆ. ಪಿಸ್ಟನ್ ತೂತಾಗಿದೆಯಂತೆ. ಟ್ಯೂನರ್ ಫೋನು ಎತ್ತುವುದಿಲ್ಲ. ಮೊಮ್ಮಗ ಹೊಸ ಎಂಜಿನ್ನಿನ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಕಾಗೆಗಳು ಬಾನೆಟ್ಟಿನ ಮೇಲೆ ಕೂತು ಮಾಡುವುದನ್ನು ಮಾಡುತ್ತವೆ.

ಕೀಲಿ ತೆಗೆದುಕೊಂಡ ಆ ದಿನ ಡ್ರೈವರ್ ಟ್ರ್ಯಾಕ್ಟರಿನಿಂದ ಇಳಿದು, ನನ್ನ ಕಣ್ಣ ಮುಂದೆಯೇ ನನ್ನ ಗೋಡೆಗೆ ಉಗುಳಿದ. ಆವತ್ತು ಸುಮ್ಮನಿದ್ದೆ. ಮರುದಿನ ಬಕೆಟ್ಟು, ಪೊರಕೆ ಕೈಗೆ ಕೊಟ್ಟು ಗೋಡೆ ತೊಳೆಸಿದೆ.